1898ರ ಗೆರೆ ದಾಟಬಾರದು

"ಮಿಸ್, ಇದು ಎಕ್ಸಾಮ್‌ಗೆ ಬರುತ್ತಾ?"

ಒಂಬತ್ತನೇ ತರಗತಿಯ ಮಕ್ಕಳ ಕೈಗೆ ನೂರು ವರ್ಷ ದಾಟಿದ ಸರ್ಕಾರಿ ವರದಿಯ ಒಂದು ಹಾಳೆ ಕೊಟ್ಟರೆ ಮೊದಲು ಏಳುವ ಪ್ರಶ್ನೆ ಇದೇ. ಬರಲ್ಲ ಎಂದರೆ ಅರ್ಧ ತರಗತಿ ಬೆಂಚಿಗೆ ಬೆನ್ನು ಆನಿಸಿ ಹಾಯಾಗಿ ಕೂರುತ್ತದೆ. ನನಗೆ ಬೇಕಾದದ್ದೂ ಅದೇ. ಸರಿ ಉತ್ತರ ಹೇಳಲೇಬೇಕೆಂಬ ಹೆದರಿಕೆ ಹೋದಮೇಲೆಯೇ ಮಕ್ಕಳು ಹಾಳೆಯನ್ನು ನೋಡಲು ಶುರುಮಾಡುವುದು.

ನಾನು ಸಮಾಜ ವಿಜ್ಞಾನ ಕಲಿಸುವವಳು. ಶಾಲೆ ಬೆಂಗಳೂರಿನ ಹಳೇ ಪೇಟೆಗೆ ಹತ್ತಿರ. ಮಕ್ಕಳ ಅಪ್ಪ ಅಮ್ಮಂದಿರು ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು, ಹೂ ಕಟ್ಟುವವರು, ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ಕೆಲಸಕ್ಕಿರುವವರು. ಹಲವರು ಹುಟ್ಟಿದ್ದು ವಾಣಿವಿಲಾಸ ಆಸ್ಪತ್ರೆಯಲ್ಲಿ, ಜ್ವರ ಬಂದರೆ ಓಡುವುದು ವಿಕ್ಟೋರಿಯಾ ಆಸ್ಪತ್ರೆಗೆ. ವೈದ್ಯಕೀಯದ ಇತಿಹಾಸ ಎಂದರೆ ಇವರಿಗೆ ಗೊತ್ತಿರುವುದು ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ದೊಡ್ಡವರ ಫೋಟೋಗಳು: ಸುಶ್ರುತ, ಚರಕ, ಜೆನ್ನರ್, ಪ್ಯಾಶ್ಚರ್. ಒಬ್ಬೊಬ್ಬರ ಕೆಳಗೆ ಒಂದೊಂದು ಸಾಧನೆ, ಒಂದೊಂದು ಇಸವಿ. ಅದರಲ್ಲಿ ರೋಗಿಯೇ ಇಲ್ಲ. ಹಾಗಾಗಿ ನಾನು ಆರಿಸಿಕೊಂಡದ್ದು ಈ ಮಕ್ಕಳು ದಿನವೂ ಓಡಾಡುವ ಬೀದಿಗಳಿಗೇ ಬಂದಿದ್ದ 1898ರ ಪ್ಲೇಗನ್ನು.

1896ರಲ್ಲಿ ಮುಂಬೈಗೆ ಬಂದಿಳಿದ ಪ್ಲೇಗು ರೈಲಿನ ದಾರಿ ಹಿಡಿದು ಹುಬ್ಬಳ್ಳಿಗೆ ಬಂತು, ಅಲ್ಲಿಂದ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ. ಆಗ ಇಲ್ಲಿ ಎರಡು ಊರು, ಎರಡು ಆಡಳಿತ. ಪೇಟೆಯ ಕಡೆ ಮೈಸೂರು ಸರ್ಕಾರ, ದಂಡಿನ ಕಡೆ ಬ್ರಿಟಿಷರು. ವರದಿಗಳೂ ಎರಡು ಥರ, ಲೆಕ್ಕಗಳೂ ಎರಡು ಥರ. ಮಕ್ಕಳಿಗೆ ಇದು ಮೊದಲು ತಲೆನೋವು, ಆಮೇಲೆ ಮಜಾ. "ಹಾಗಾದ್ರೆ ಇಲಿಗೆ ಗೊತ್ತಾಗ್ತಿತ್ತಾ ಮಿಸ್, ಎಲ್ಲಿ ಬಾರ್ಡರ್ ಅಂತ?" ಎಂದು ಒಬ್ಬ ಕೇಳಿದ್ದ.

ಕಾಗದಗಳು ಸಿಗುವುದು ಅಷ್ಟೇನೂ ಕಷ್ಟವಲ್ಲ, ಸಮಯ ಬೇಕು ಅಷ್ಟೆ. ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಅರ್ಜಿ ಕೊಟ್ಟು ಕೂರಬಹುದು. ಬ್ರಿಟಿಷ್ ಭಾರತದ ವೈದ್ಯಕೀಯ ವರದಿಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿ ಮುಂಬೈ ಪ್ಲೇಗಿನ ಫೋಟೋಗಳಿವೆ. ಜನಗಣತಿಯ ಪುಸ್ತಕಗಳಿವೆ, ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ಇದೆ. ಸಿಗುವುದಕ್ಕಿಂತ ಕಷ್ಟದ ಕೆಲಸ ಬಿಡುವುದು. ಒಂದು ಪೀರಿಯಡ್ ಎಂದರೆ ನಲವತ್ತು ನಿಮಿಷ, ಅದರಲ್ಲಿ ಹಾಜರಿಗೆ ಐದು ನಿಮಿಷ ಹೋಯಿತು. ಒಂದು ದಿನಕ್ಕೆ ಒಂದೇ ಹಾಳೆ. ಎರಡನೆಯದು ಕೊಟ್ಟರೆ ಎರಡನ್ನೂ ಓದುವುದಿಲ್ಲ. ಎಡಗಡೆ ಮೂಲದ ಜೆರಾಕ್ಸ್, ಬಲಗಡೆ ನಾನೇ ಟೈಪ್ ಮಾಡಿದ ಕನ್ನಡ. ಕನ್ನಡ ಓದಿ ಮುಗಿಸಿದಮೇಲೆ ಮಕ್ಕಳ ಕಣ್ಣು ತಾನಾಗಿ ಎಡಕ್ಕೆ ಹೋಗುತ್ತದೆ. ಅಂಚಿನಲ್ಲಿ ಯಾರೋ ಗೀಚಿದ ಸಹಿ, ಹೊಡೆದುಹಾಕಿದ ಸಾಲು, ಮಸಿ ಚೆಲ್ಲಿದ ಗುರುತು, ಇವೆಲ್ಲ ಇರುವುದು ಆ ಕಡೆಯೇ.

ಮೊದಲ ಹಾಳೆ ಯಾವುದಿರಬೇಕು ಎಂಬುದರಲ್ಲಿ ನನಗೀಗ ಗಟ್ಟಿ ಅಭಿಪ್ರಾಯವಿದೆ. ನೋಡಲು ತೀರಾ ಸಪ್ಪೆಯಾದ ಹಾಳೆಯೇ ಮೊದಲು ಬರಬೇಕು. ಫೋಟೋ ಮೊದಲು ತೋರಿಸಿದರೆ ಮಕ್ಕಳು "ಅಯ್ಯೋ" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು, ಅಯ್ಯೋ ಎಂದವರು ಮತ್ತೆ ಪ್ರಶ್ನೆ ಕೇಳುವುದಿಲ್ಲ. ನಾನು ಕೊಡುವುದು ಜನಗಣತಿಯ ನಾಲ್ಕು ಅಂಕಿ. 1891ರಲ್ಲಿ ಬೆಂಗಳೂರು ನಗರದಲ್ಲಿ 80,285 ಜನ, ದಂಡಿನಲ್ಲಿ 1,00,081. 1901ರಲ್ಲಿ ನಗರದಲ್ಲಿ 69,447, ದಂಡಿನಲ್ಲಿ 89,599. ಬೇರೇನೂ ಹೇಳುವುದಿಲ್ಲ. ಕೂಡಿಸಿ, ಕಳೆಯಿರಿ ಎನ್ನುತ್ತೇನೆ. ಗಣಿತದ ಮೇಷ್ಟ್ರಿಗೂ ಖುಷಿ.

ಬೆಂಗಳೂರಿನ ಜನಸಂಖ್ಯೆ ಎಂದಾದರೂ ಕಡಿಮೆಯಾಗಿತ್ತು ಎಂಬುದನ್ನೇ ಮಕ್ಕಳು ನಂಬುವುದಿಲ್ಲ. ಕಳೆದದ್ದು ತಪ್ಪಾಯಿತೇನೋ ಎಂದು ಮತ್ತೆ ಕಳೆಯುತ್ತಾರೆ. 21,320 ಉಳಿಯುತ್ತದೆ. "ಅಷ್ಟೂ ಜನ ಸತ್ತೋದ್ರು" ಎಂದು ಹಿಂದಿನ ಬೆಂಚಿನಿಂದ ತೀರ್ಪು ಬರುತ್ತದೆ. ಒಂದು ವರ್ಷ ಯಾದಗಿರಿ ಕಡೆಯಿಂದ ಬಂದ ಮನೆಯ ಹುಡುಗಿಯೊಬ್ಬಳು ಎದ್ದು, "ಸತ್ತಿರ್ಬೇಕಂತ ಏನಿಲ್ಲರಿ ಮಿಸ್. ಕೊರೊನಾದಾಗ ನಾವು ಊರಿಗೆ ಹೋಗಿದ್ವಿ. ಅವಾಗ ಲೆಕ್ಕ ಮಾಡಿದ್ರ ನಮ್ಮ ವಠಾರ ಖಾಲಿನೇ ಇರ್ತಿತ್ತು" ಎಂದಳು. ತರಗತಿ ಅವಳ ಕಡೆ ತಿರುಗಿತು. ಆಮೇಲಿನ ಚರ್ಚೆಯನ್ನು ನಾನು ನಡೆಸಲೇ ಇಲ್ಲ. ಸತ್ತವರೆಷ್ಟು, ಹೋದವರೆಷ್ಟು, ಹೋದವರು ಹತ್ತು ವರ್ಷದ ನಡುವೆ ಯಾವಾಗ ಹೋದರು, ಹೊಸದಾಗಿ ಬಂದವರನ್ನು ಕಳೆಯಬೇಕೋ ಕೂಡಿಸಬೇಕೋ, ಹುಟ್ಟಿದ ಮಕ್ಕಳ ಕತೆಯೇನು. ಎರಡು ಅಂಕಿಗಳ ವ್ಯತ್ಯಾಸ ಹೆಣಗಳ ಎಣಿಕೆಯಲ್ಲ ಎಂಬುದನ್ನು ನಾನು ಕರಿಹಲಗೆಯ ಮೇಲೆ ಬರೆದಿದ್ದರೆ ಅವರು ನೋಟ್ಸಿಗೆ ಇಳಿಸಿಕೊಂಡು ಮರೆಯುತ್ತಿದ್ದರು. ಊರಿಗೆ ಹೋಗುವ ಬಸ್ಸು ಸಿಗದೆ ಒದ್ದಾಡಿದ ಮನೆಯ ಹುಡುಗಿ ಹೇಳಿದ್ದರಿಂದ ಅದು ನಿಂತಿತು.

ಎರಡನೇ ವಾರ ನಾನು ಒಂದು ಕಾನೂನು ಮಾಡುತ್ತೇನೆ. ಹಲಗೆಯ ಮೇಲೆ "ಸೆಪ್ಟೆಂಬರ್ 1898" ಎಂದು ಬರೆದು ಕೆಳಗೆ ಉದ್ದಕ್ಕೆ ಗೆರೆ ಎಳೆಯುತ್ತೇನೆ. ಇವತ್ತು ಈ ಗೆರೆಯ ಆಚೆಗಿನದು ಯಾರಿಗೂ ಗೊತ್ತಿಲ್ಲ. ಆಂಟಿಬಯೋಟಿಕ್ ಎಂದವರಿಗೆ ದಂಡ. ದಂಡವೆಂದರೆ ಮಾರನೇ ದಿನ ಹಲಗೆ ಒರೆಸುವುದು.

ಈ ಗೆರೆಯೇ ನನ್ನ ಇಡೀ ಪಾಠ ಎಂದರೂ ಸರಿ. ವೈದ್ಯಕೀಯದ ಇತಿಹಾಸದಲ್ಲಿ ಮಕ್ಕಳಿಗೆ (ದೊಡ್ಡವರಿಗೂ) ಅಂಟುವ ದೊಡ್ಡ ಜಾಡ್ಯ ಹಿಂದಿನವರನ್ನು ನೋಡಿ ನಗುವುದು. ಮಾರಮ್ಮನಿಗೆ ಹರಕೆ ಹೊತ್ತರು, ಹಹ್ಹ. ಕಾರ್ಬಾಲಿಕ್ ಸುರಿದರು, ಹಹ್ಹ. ಗೆರೆ ಎಳೆದಮೇಲೆ ನಗು ಕಷ್ಟವಾಗುತ್ತದೆ. ಗೆರೆಯ ಈಚೆ ಏನೇನಿದೆ ನೋಡಿ: 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ರೋಗಾಣುವನ್ನು ಕಂಡುಹಿಡಿದಿದ್ದಾನೆ. 1897ರ ಜನವರಿಯಲ್ಲಿ ಮುಂಬೈಯಲ್ಲಿ ಹಾಫ್ಕಿನ್ ತಾನು ತಯಾರಿಸಿದ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದಾನೆ. ರೋಗಾಣು ಗೊತ್ತು, ಲಸಿಕೆ ಇದೆ. ಆದರೆ ಆ ರೋಗಾಣು ಒಂದು ಮೈಯಿಂದ ಇನ್ನೊಂದು ಮೈಗೆ ಹೇಗೆ ಹೋಗುತ್ತದೆ? ನೆಲದಿಂದಲೋ, ಗಾಳಿಯಿಂದಲೋ, ಬಟ್ಟೆಯಿಂದಲೋ, ಧಾನ್ಯದ ಮೂಟೆಯಿಂದಲೋ. ಗೊತ್ತಿಲ್ಲ.

ಗೊತ್ತಿಲ್ಲದ ಆರೋಗ್ಯಾಧಿಕಾರಿ ನೀವು, ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಮಕ್ಕಳು ಹೇಳುವ ಪಟ್ಟಿ ಆಗಿನ ಅಧಿಕಾರಿಗಳ ಪಟ್ಟಿಯೇ ಆಗಿಬಿಡುತ್ತದೆ. ಮನೆ ತೊಳೆಸು. ಸುಣ್ಣ ಹೊಡೆಸು. ಹೆಂಚು ತೆಗೆಸಿ ಬಿಸಿಲು ಬೀಳಿಸು. ಬಟ್ಟೆ ಸುಡು. ಜ್ವರ ಬಂದವರನ್ನು ಬೇರೆ ಇಡು, ಅವರ ಜೊತೆ ಇದ್ದವರನ್ನೂ ಬೇರೆ ಇಡು. ರೈಲು ಇಳಿದವರನ್ನು ತಪಾಸಣೆ ಮಾಡು, ಹತ್ತು ದಿನ ಕಣ್ಣಿಡು. ಆಮೇಲೆ ಹಳೆಯ ವರದಿಯ ಹಾಳೆ ಹಂಚಿದರೆ, ತಮ್ಮದೇ ಉತ್ತರ ಅಚ್ಚಾಗಿ ಬಂದದ್ದು ನೋಡಿ ಬೆರಗಾಗುತ್ತಾರೆ. ಬೆರಗಿನ ಹಿಂದೆಯೇ ಒಂದು ಮುಜುಗರವೂ ಬರುತ್ತದೆ, ಏಕೆಂದರೆ ಮುಂದಿನ ಹಾಳೆಯಲ್ಲಿ ಅದೇ ಮನೆಯವರ ಪಾಡಿದೆ. ಹೆಂಚು ತೆಗೆಸಿದ ಮನೆಗೆ ಸೆಪ್ಟೆಂಬರಿನ ಮಳೆ ಸುರಿದರೆ?

ಇಲ್ಲಿ ಕರಾಚಿಯ ಕತೆ ತರುತ್ತೇನೆ. 1898ರ ಜೂನ್‌ನಲ್ಲಿ ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ ದೊಡ್ಡ ಗಾಜಿನ ಜಾಡಿಯಲ್ಲಿ ಚಿಗಟ ತುಂಬಿದ ಪ್ಲೇಗಿನ ಇಲಿಯನ್ನಿಟ್ಟ. ಅದೇ ಜಾಡಿಯೊಳಗೆ ಜಾಲರಿಯ ಪಂಜರದಲ್ಲಿ ಇನ್ನೊಂದು ಇಲಿಯನ್ನು ತೂಗುಬಿಟ್ಟ. ಎರಡೂ ಒಂದನ್ನೊಂದು ಮುಟ್ಟುವಂತಿಲ್ಲ. ಮೇಲಿನ ಇಲಿಗೂ ಪ್ಲೇಗು ಬಂತು. ದಾಟಿದ್ದು ಚಿಗಟ. ಈಗ ತರಗತಿಯಲ್ಲಿ ಜಗಳ ಶುರು. ಜೂನ್ ಎಂದರೆ ಸೆಪ್ಟೆಂಬರಿಗಿಂತ ಮೊದಲು, ಹಾಗಾದರೆ ಚಿಗಟ ಎನ್ನಬಹುದು ಎಂದು ಒಂದು ಗುಂಪು. ಅದು ಅಚ್ಚಾದದ್ದು ಫ್ರೆಂಚ್ ಪತ್ರಿಕೆಯಲ್ಲಿ, ಅದೂ ಆ ವರ್ಷದ ಕೊನೆಯ ಹೊತ್ತಿಗೆ, ಬೆಂಗಳೂರಿನ ಆಫೀಸರ್ ಎಲ್ಲಿ ಓದಿಯಾನು ಎಂದು ಇನ್ನೊಂದು ಗುಂಪು. ಓದಿದ್ದರೂ ನಂಬುತ್ತಿರಲಿಲ್ಲ ಎನ್ನುವುದು ನಾನು ಕೊನೆಗೆ ಸೇರಿಸುವ ಮಾತು. ಸಿಮಂಡ್‌ನನ್ನು ಆಗ ಹೆಚ್ಚಿನವರು ನಂಬಲಿಲ್ಲ, 1905ರಿಂದಾಚೆ ಮುಂಬೈಯಲ್ಲಿ ನಡೆದ ಸಂಶೋಧನೆಗಳ ನಂತರವೇ ಚಿಗಟದ ಮಾತು ಗಟ್ಟಿಯಾಯಿತು. ಒಬ್ಬ ಕಂಡುಹಿಡಿದ ದಿನವೇ ಅದು ಎಲ್ಲರಿಗೂ ಗೊತ್ತಾದ ದಿನವಲ್ಲ ಎಂಬುದನ್ನು ಈ ಜಗಳದಷ್ಟು ಚೆನ್ನಾಗಿ ಯಾವ ಉಪನ್ಯಾಸವೂ ಕಲಿಸದು. ನಾನು ಇತ್ಯರ್ಥ ಮಾಡುವುದಿಲ್ಲ. ಗಂಟೆ ಹೊಡೆಯುತ್ತದೆ.

ಇನ್ನು ಅಜ್ಜಿ ತಾತಂದಿರ ಸರದಿ. ಮನೆಯಲ್ಲಿ ಪ್ಲೇಗಿನ ಬಗ್ಗೆ ಕೇಳಿಕೊಂಡು ಬನ್ನಿ ಎಂದರೆ ಹಳೇ ಮೈಸೂರು ಕಡೆಯ ಮನೆಗಳಿಂದ ಒಂದೇ ಥರದ ಮಾತು ಬರುತ್ತದೆ. "ಇಲಿ ಬಿದ್ರೆ ಊರು ಬಿಡೋರು. ತೋಟದಲ್ಲಿ, ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇರೋರು. ಮಳೆ ಬಿದ್ದು ಎಲ್ಲ ತಣ್ಣಗಾದ್ಮೇಲೆ ವಾಪಸ್ ಬರೋರು." ಪ್ಲೇಗು 1898ಕ್ಕೆ ನಿಲ್ಲಲಿಲ್ಲ, ದಶಕಗಟ್ಟಲೆ ಮರಳಿ ಮರಳಿ ಬಂತು, ಹಾಗಾಗಿ ಈ ನೆನಪುಗಳಲ್ಲಿ ಹೆಚ್ಚಿನವು ಆಮೇಲಿನ ಪ್ಲೇಗುಗಳದ್ದು. ಭೈರಪ್ಪನವರ 'ಗೃಹಭಂಗ'ದಲ್ಲೂ ಅನಂತಮೂರ್ತಿಯವರ 'ಸಂಸ್ಕಾರ'ದಲ್ಲೂ ಇಲಿ ಬೀಳುವುದು ಬರುವುದು ಸುಮ್ಮನಲ್ಲ. ಕಾದಂಬರಿ ದಾಖಲೆಯಲ್ಲ ಎಂದು ಎಚ್ಚರಿಸಿಯೇ ಕೆಲವು ಪುಟ ಓದಿಸುತ್ತೇನೆ. ಇಲಿ ಬಿದ್ದೊಡನೆ ಊರು ಬಿಡುವುದಕ್ಕೆ ಯಾವ ಪ್ರಯೋಗಶಾಲೆಯ ಆಧಾರವೂ ಇರಲಿಲ್ಲ. ಆದರೆ ಇಲಿ ಸತ್ತಾಗ ಅದರ ಮೈಯ ಚಿಗಟ ಬೇರೆ ರಕ್ತ ಹುಡುಕುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಇರದಿರುವುದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಕಾರ್ಬಾಲಿಕ್ ಸುರಿದ ಕಲಿತ ಅಧಿಕಾರಿಗಿಂತ ಗುಡಿಸಲು ಹಾಕಿದ ಓದದ ರೈತನ ಊಹೆ ಹತ್ತಿರವಾಗಿತ್ತು. ಸರ್ಕಾರವೂ ಕ್ರಮೇಣ ಜನರನ್ನು ಮನೆ ಖಾಲಿ ಮಾಡಿಸಿ ಬಯಲಿನ ಶೆಡ್ಡುಗಳಿಗೆ ಕಳಿಸುವುದಕ್ಕೆ ಒತ್ತು ಕೊಟ್ಟಿತು. ಇದನ್ನು ಕೇಳಿ ಮಕ್ಕಳ ಮುಖದಲ್ಲಿ ಮೂಡುವ ಗೆಲುವನ್ನು ಸ್ವಲ್ಪ ಹಿಡಿದು ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಅಜ್ಜಿ ಹೇಳಿದ್ದೆಲ್ಲ ವಿಜ್ಞಾನ ಎಂಬಲ್ಲಿಗೆ ಓಡುತ್ತಾರೆ. ಊರು ಬಿಟ್ಟವರೇ ತಿಳಿಯದೆ ಬಟ್ಟೆಬರೆಯ ಜೊತೆ ಚಿಗಟವನ್ನೂ ಹೊತ್ತು ಪಕ್ಕದೂರಿಗೆ ಹೋದದ್ದೂ ಉಂಟು.

ಫೋಟೋಗಳು ಬರುವುದು ಇದೆಲ್ಲ ಆದಮೇಲೆ. ಮುಂಬೈಯ ಒಂದು ಗಲ್ಲಿ, ಮನೆ ತೊಳೆಯುವ ದಳ, ನೀರಿನ ಪಂಪು, ಟೋಪಿ ಹಾಕಿದ ಅಧಿಕಾರಿ. ಎಲ್ಲರೂ ಕ್ಯಾಮೆರಾದ ಕಡೆ ನೋಡುತ್ತ ನಿಂತಿದ್ದಾರೆ. ಕೆಲಸದ ಮಧ್ಯೆ ಯಾರಾದರೂ ಹೀಗೆ ನಿಲ್ಲುತ್ತಾರಾ? ಮನೆಯವರು ಎಲ್ಲಿ? ಹುಡುಕಿದರೆ ಮೂಲೆಯ ಬಾಗಿಲಲ್ಲಿ ಅರ್ಧ ಮುಖ. ಇದು ಮುಂಬೈ, ಬೆಂಗಳೂರಲ್ಲ ಎಂದು ಹಾಳೆಯ ಮೇಲೇ ದಪ್ಪಕ್ಷರದಲ್ಲಿ ಬರೆದಿರುತ್ತೇನೆ. "ಹಳೇ ಬೆಂಗಳೂರು" ಎಂಬ ತಲೆಬರಹದಲ್ಲಿ ಯಾವ ಯಾವುದೋ ಊರಿನ ಫೋಟೋಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರುತ್ತವೆ, ನಮ್ಮ ಪಾಠದ ಹಾಳೆಯೂ ಆ ಸಾಲಿಗೆ ಸೇರುವುದು ಬೇಡ.

ಸುಲಭವಲ್ಲದ ಹಾಳೆಗಳೂ ಇವೆ. ಪ್ಲೇಗಿನ ಗೆಡ್ಡೆ ಏಳುವುದು ಕಂಕುಳಲ್ಲಿ, ತೊಡೆಸಂದಿಯಲ್ಲಿ. ಅದನ್ನು ನೋಡದೆ ತಪಾಸಣೆಯಿಲ್ಲ. ರೈಲ್ವೆ ನಿಲ್ದಾಣದಲ್ಲಿ, ಬೀದಿಯಲ್ಲಿ, ಹೆಂಗಸರನ್ನು ಪರೀಕ್ಷಿಸುತ್ತಿದ್ದವರು ಯಾರು? ಹದಿನಾಲ್ಕು ವರ್ಷದ ಹುಡುಗ ಹುಡುಗಿಯರು ಒಟ್ಟಿಗೆ ಕೂತ ತರಗತಿಯಲ್ಲಿ ಇದನ್ನು ನುಣುಚದೆ, ಕೆರಳಿಸದೆ ಹೇಳಬೇಕು. ನಾನು ನೇರವಾಗಿ ಹೇಳುತ್ತೇನೆ, ವೈದ್ಯರು ಹೇಳುವ ಹಾಗೆ. ಇಷ್ಟು ಗೊತ್ತಾದಮೇಲೆ ದಂಗೆಗಳನ್ನು ವಿವರಿಸಬೇಕಾಗಿಯೇ ಇಲ್ಲ. 1898ರ ನವೆಂಬರ್‌ನಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ಪ್ಲೇಗಿನ ಕ್ರಮಗಳ ವಿರುದ್ಧ ಎದ್ದರು, ಪೊಲೀಸರು ಗುಂಡು ಹಾರಿಸಿದರು. ಅದಕ್ಕೂ ಮೊದಲು, 1897ರ ಜೂನ್ 22ರ ರಾತ್ರಿ, ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಚಾಪೇಕರ್ ಸಹೋದರರು ಗುಂಡಿಟ್ಟರು. ಅವತ್ತು ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಅರವತ್ತು ತುಂಬಿದ ಸಂಭ್ರಮ. ಅದೇ ದಿನ, ಅದೇ ಸಂಭ್ರಮದ ಹೆಸರಿನಲ್ಲಿ, ಬೆಂಗಳೂರಿನಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ನಮ್ಮ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಇಟ್ಟರು. ಎರಡೂ ತಾರೀಖನ್ನು ಅಕ್ಕಪಕ್ಕ ಬರೆದು ಸುಮ್ಮನಿರುತ್ತೇನೆ. ಮಕ್ಕಳೇ ಕೊಂಡಿ ಹುಡುಕಲಿ, ಇಲ್ಲ ಕೊಂಡಿಯೇ ಇಲ್ಲ ಎನ್ನಲಿ.

ಜಾತಿಯ ಕಾಲಂ ಇನ್ನೊಂದು. ಆ ಕಾಲದ ಲಸಿಕೆ ವರದಿಗಳಲ್ಲಿ ಜನರನ್ನು ಮತ ಜಾತಿಗಳ ಲೆಕ್ಕದಲ್ಲಿ ವಿಂಗಡಿಸಿದ ಪಟ್ಟಿಗಳಿರುತ್ತವೆ. ಹಾಳೆ ಕೊಟ್ಟ ಕೂಡಲೇ ಮಕ್ಕಳು ತಮ್ಮ ತಮ್ಮ ಸಾಲು ಹುಡುಕುತ್ತಾರೆ, ಬೇಡವೆಂದರೂ. ಕಾಲಂ ಅಳಿಸಿ ಕೊಡಿ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ನನಗೆ ಒಪ್ಪಿಗೆಯಾಗಲಿಲ್ಲ. ಕಾಲಂ ಇದ್ದದ್ದು ನಿಜ, ಅದನ್ನು ಅಳಿಸಿದರೆ ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ಮೈಲಿಯ ಕೀವು ದಾಟಿಸುತ್ತಿದ್ದಾಗ ಜನ ಏಕೆ ಹಿಂಜರಿದರು ಎಂಬುದೇ ತಿಳಿಯದು. ಅದರ ಬದಲು ಆ ಹಾಳೆಯ ಜೊತೆ ಡಾ. ಪಲ್ಪು ಅವರ ಕತೆ ಸೇರಿಸುತ್ತೇನೆ. ಮದರಾಸಿನಲ್ಲಿ ವೈದ್ಯಕೀಯ ಓದಿದ ಇವರಿಗೆ ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಕೆಲಸ ನೋಡಿಕೊಂಡರು, ಪ್ಲೇಗಿನ ಕ್ಯಾಂಪುಗಳಲ್ಲಿ ಹೆಣಗಳ ನಡುವೆ ದುಡಿದರು. ಮುಂದೆ ಕೇರಳದಲ್ಲಿ ನಾರಾಯಣ ಗುರುಗಳ ಜೊತೆ 1903ರಲ್ಲಿ ಎಸ್‌ಎನ್‌ಡಿಪಿ ಯೋಗಂ ಎಂಬ ಸಂಘಟನೆಯನ್ನು ಕಟ್ಟಿದವರಲ್ಲಿ ಒಬ್ಬರು. ಕಾಲಂ ತುಂಬಿಸುವ ಕಡೆಯಲ್ಲಿ ಇಂಥವರೂ ಇದ್ದರು ಎಂದು ತಿಳಿದಮೇಲೆ ತಮ್ಮ ಸಾಲು ಹುಡುಕುವ ಆತುರ ತುಸು ತಗ್ಗುತ್ತದೆ. ಪೂರ್ತಿ ತಗ್ಗುವುದಿಲ್ಲ, ಹೇಳಿಬಿಡುತ್ತೇನೆ.

ಸಿಡುಬಿನ ಮಾತು ಬಂದಾಗ ಮನೆಯೊಳಗಿನ ದಾಖಲೆ ನೆನಪಾಗುತ್ತದೆ: ಹಿರಿಯರ ತೋಳು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರ ಮೇನಲ್ಲಿ. ಅದಕ್ಕಿಂತ ಮೊದಲು ಹುಟ್ಟಿದವರ ತೋಳಿನ ಮೇಲೆ ಕಾಸಗಲದ ಚಪ್ಪಟೆ ಕಲೆ, ಅಂಚಿನವರೆಗೆ ಸಣ್ಣ ಸಣ್ಣ ಗೆರೆ. ಮಕ್ಕಳ ಎಡತೋಳಿನ ಬಿಸಿಜಿ ಕಲೆ ಬೇರೆ ಥರ, ಚಿಕ್ಕದು. ಎರಡನ್ನೂ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು ತರಬೇಕು. ಅಜ್ಜಿಯ ತೋಳು ಹಿಡಿದು ಚಿತ್ರ ಬರೆಯುವಾಗ, ಮೈಲಿ ಹಾಕುವವರು ಬಂದರೆ ಅಟ್ಟದಲ್ಲಿ ಅಡಗಿಕೊಳ್ಳುತ್ತಿದ್ದ ಕತೆಯೂ ಬರುತ್ತದೆ. ಇದೇ ಹೊತ್ತಿಗೆ 1805ರಲ್ಲಿ ಥಾಮಸ್ ಹಿಕಿ ಬರೆದ ಮೂವರು ಹೆಂಗಸರ ವರ್ಣಚಿತ್ರವನ್ನೂ ತೋರಿಸುತ್ತೇನೆ. ಬಲಗಡೆಯ ಎಳೆ ಹುಡುಗಿ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಇವರು ಮೈಸೂರು ಅರಮನೆಯವರು, ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೊಸ ರಾಣಿ ದೇವಾಜಮ್ಮಣ್ಣಿ, ಚಿತ್ರ ಬರೆಸಿದ್ದು ಲಸಿಕೆಯ ಪ್ರಚಾರಕ್ಕೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಆ ವಾದವನ್ನು ಮಕ್ಕಳಿಂದ ಬರೆಸುವಾಗ "ಇರಬಹುದು" ಎಂದು ಸೇರಿಸದಿದ್ದವರ ಪುಸ್ತಕ ವಾಪಸ್. ಮಕ್ಕಳಿಗೆ ಹೆಚ್ಚು ನಾಟುವುದು ಆನಾ ಡಸ್ಟ್‌ಹಾಲ್. 1802ರ ಜೂನ್ 14ರಂದು ಮುಂಬೈಯಲ್ಲಿ, ಭಾರತದಲ್ಲಿ ಮೊದಲು ಈ ಲಸಿಕೆ ಹಾಕಿಸಿಕೊಂಡವಳು ಈ ಮೂರು ವರ್ಷದ ಮಗು. ಅವಳ ತೋಳಿನಿಂದಲೇ ಮುಂದಿನ ಮಕ್ಕಳಿಗೆ. "ಅವಳನ್ನ ಯಾರಾದ್ರೂ ಕೇಳಿದ್ರಾ?" ಎಂಬ ಪ್ರಶ್ನೆ ಬಾರದ ವರ್ಷವೇ ಇಲ್ಲ.

ಕೊನೆಯ ಹಾಳೆ ನಕ್ಷೆ. ಪ್ಲೇಗಿನ ಬೆನ್ನಲ್ಲೇ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಪ್ಲೇಗ್ ಕಮಿಷನರ್ ಆಗಿದ್ದ, ಮುಂದೆ ದಿವಾನರಾದ ವಿ.ಪಿ. ಮಾಧವರಾಯರ ಹೆಸರು ಬಸವನಗುಡಿಯ ವೃತ್ತಕ್ಕೆ ಇದೆ. ನಕ್ಷೆ ಹಿಡಿದು ಅಲ್ಲಿಗೆ ನಡೆದೇ ಹೋಗುತ್ತೇವೆ. ಮಕ್ಕಳು ಹೆಜ್ಜೆ ಹಾಕಿ ರಸ್ತೆಯ ಅಗಲ ಅಳೆಯುತ್ತಾರೆ, ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ ಹುಡುಕುತ್ತಾರೆ, ಆಮೇಲೆ ಪೇಟೆಗೆ ಮರಳಿ ತಮ್ಮ ಬೀದಿಯನ್ನೂ ಹಾಗೇ ಅಳೆಯುತ್ತಾರೆ. ಗಾಳಿ ಬೆಳಕು ಬಂದರೆ ರೋಗ ಹೋಗುತ್ತದೆಂಬ ನಂಬಿಕೆ ನೆಲದ ಮೇಲೆ ಹೇಗೆ ರಸ್ತೆಯಾಗಿ ಮಲಗಿದೆ ಎಂಬುದು ಕಾಲಿಗೇ ತಿಳಿಯುತ್ತದೆ.

ಹೋದ ವರ್ಷ ಅಳತೆ ಬರೆದುಕೊಳ್ಳುತ್ತಿದ್ದ ಹುಡುಗ, ಹೂವಿನ ವ್ಯಾಪಾರಿಯ ಮಗ, ಪೆನ್ನು ನಿಲ್ಲಿಸಿ ಕೇಳಿದ: "ಮಿಸ್, ಸೈಟ್ ತಗೊಂಡೋರು ಈ ಕಡೆ ಬಂದ್ರು ಸರಿ. ಪೇಟೇಲೇ ಉಳ್ಕೊಂಡೋರು ಯಾರು? ಅವ್ರ ಮನೆ ಹೆಂಚು ವಾಪಸ್ ಹಾಕ್ಕೊಟ್ರಾ?" ನನ್ನ ಬಳಿಯಿರುವ ಹಾಳೆಗಳಲ್ಲಿ ಅದಕ್ಕೆ ಉತ್ತರವಿಲ್ಲ. ಯಾರಿಗೆ ಯಾವ ಸೈಟು, ಎಷ್ಟು ಹಣಕ್ಕೆ, ಒಡೆದ ಮನೆಗೆ ಪರಿಹಾರ ಕೇಳಿ ಯಾರಾದರೂ ಅರ್ಜಿ ಹಾಕಿದ್ದರೇ ಎಂದು ಹುಡುಕಲು ದಸರಾ ರಜೆಯಲ್ಲಿ ವಿಕಾಸಸೌಧದಲ್ಲಿ ಕೂರಬೇಕೆಂದಿದ್ದೇನೆ. ಪುರಸಭೆಯ ಕಡತಗಳಿಂದ ಶುರುಮಾಡುತ್ತೇನೆ. ಅವನೂ ಬರುತ್ತಾನಂತೆ. ಅಷ್ಟು ಚಿಕ್ಕವನನ್ನು ಒಳಗೆ ಬಿಡುತ್ತಾರೋ ಇಲ್ಲವೋ ವಿಚಾರಿಸಬೇಕು.